ಹಳೇ ಕಡತಕ್ಕೆ ಯಾರ ಕಾಸು?

ಆ ರಾತ್ರಿ ಒಂಬತ್ತರ ಚರ್ಚೆಗೆ ನಾವು ಇಟ್ಟ ಹೆಸರು ‘ನಿಮ್ಮ ತೆರಿಗೆ, ಅವರ ಪಿಎಚ್‌ಡಿ’. ಆ ಹೆಸರು ನನ್ನದೇ, ಡೆಸ್ಕ್‌ನವರ ತಲೆಗೆ ಕಟ್ಟೋದು ಬೇಡ. ಸೋಶಿಯಲ್ ಮೀಡಿಯಾದಲ್ಲಿ ಯಾರೋ ಒಂದಷ್ಟು ಪಿಎಚ್‌ಡಿ ವಿಷಯಗಳ ಪಟ್ಟಿ ಹಾಕಿ ‘ಇದಕ್ಕೆಲ್ಲ ನಮ್ಮ ದುಡ್ಡಾ?’ ಅಂತ ಕೇಳಿದ್ದರು. ಸಂಜೆ ಹೊತ್ತಿಗೆ ಅದು ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿತ್ತು. ನಮಗೆ ಇನ್ನೇನು ಬೇಕು? ನಾಲ್ಕು ಜನರ ಪ್ಯಾನಲ್ ರೆಡಿ ಮಾಡಿ, ಪಟ್ಟಿಯಲ್ಲಿದ್ದ ಒಬ್ಬ ಸಂಶೋಧಕಿಯನ್ನು ಫೋನ್‌ಲೈನ್‌ಗೆ ತಂದೆವು.

ಅವರ ವಿಷಯ ಹಳೇ ಮೈಸೂರು ಸೀಮೆಯ ಶಾನುಭೋಗರ ಕಡತಗಳು. ಇಯರ್‌ಪೀಸ್‌ನಲ್ಲಿ ಪ್ರೊಡ್ಯೂಸರ್ ‘ಬೇಗ, ಬೇಗ’ ಅಂತಿದ್ದ. ನಾನು ಕೇಳಿದೆ: ‘ಮೇಡಂ, ನೇರವಾಗಿ ಕೇಳ್ತೀನಿ. ಇದರಿಂದ ಜನಸಾಮಾನ್ಯರಿಗೆ ಏನು ಉಪಯೋಗ? ಒಂದೇ ವಾಕ್ಯದಲ್ಲಿ ಹೇಳಿ.’

ಮೂರು ಸೆಕೆಂಡ್ ಸದ್ದಿಲ್ಲ. ಟಿವಿಯಲ್ಲಿ ಮೂರು ಸೆಕೆಂಡ್ ಅಂದರೆ ಒಂದು ಯುಗ. ಆಮೇಲೆ ಅವರು ಮೆಲ್ಲಗೆ ಹೇಳಿದರು: ‘ಒಂದು ವಾಕ್ಯದಲ್ಲಿ ಹೇಳೋಕೆ ಆಗೋ ಹಾಗಿದ್ದಿದ್ರೆ ಐದು ವರ್ಷ ಯಾಕೆ ಓದ್ತಿದ್ದೆ ಸರ್?’

‘ಉತ್ತರ ಇಲ್ಲ ನೋಡಿ ವೀಕ್ಷಕರೇ’ ಅಂದು ನಾನು ಬ್ರೇಕ್ ತಗೊಂಡೆ. ಆ ತುಣುಕು ಮಾರನೇ ದಿನವೆಲ್ಲ ಓಡಿತು.

ಬೆಳಿಗ್ಗೆ ಎಂಟಕ್ಕೆ ಒಂದು ಫೋನ್ ಬಂತು. ಹಾಸನ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು. ನಮ್ಮ ಕಾರ್ಯಕ್ರಮ ತಪ್ಪದೆ ನೋಡಿ, ತಪ್ಪದೆ ಬಯ್ಯುವವರು. ‘ರೀ, ನಿನ್ನೆ ಚೆನ್ನಾಗಿ ಕೂಗಾಡಿದ್ರಿ. ಒಂದು ಕೇಳ್ತೀನಿ. 2008ರಲ್ಲಿ ಏನ್ ಮಾಡ್ತಿದ್ರಿ?’

‘ಇಂಜಿನಿಯರಿಂಗ್ ಓದ್ತಿದ್ದೆ ಸರ್.’

‘ಕನ್ನಡಕ್ಕೆ ಶಾಸ್ತ್ರೀಯ ಭಾಷೆ ಸ್ಥಾನ ಬಂತು ಅಂತ ಹಾಸ್ಟೆಲ್‌ನಲ್ಲಿ ಪಟಾಕಿ ಹೊಡೆದಿರಬೇಕಲ್ಲ?’

ಹೊಡೆದಿದ್ದೆವು. ಅಕ್ಟೋಬರ್ 31ಕ್ಕೆ ಸುದ್ದಿ ಬಂದಿತ್ತು, ಮಾರನೇ ದಿನವೇ ರಾಜ್ಯೋತ್ಸವ. ಮೆಕ್ಯಾನಿಕಲ್‌ನವರೂ ಸಿವಿಲ್‌ನವರೂ ಒಂದೇ ಬಾವುಟದ ಕೆಳಗೆ ನಿಂತಿದ್ದು ನಾನು ಕಂಡಂತೆ ಅದೊಂದೇ ಸಲ.

‘ಆ ಸ್ಥಾನಕ್ಕೆ ಹದಿನೈದು ನೂರು ವರ್ಷದ ಹಳಮೆ ತೋರಿಸಿ ಅಂದ್ರು ಕಣ್ರೀ. ಬಾಯಿ ಮಾತಿಗೆ ಕೊಡಲ್ಲ ಅವರು. ಸಾಕ್ಷಿ ಎಲ್ಲಿಂದ ಬಂತು? ಯಾರೋ ಒಬ್ಬ ಸಂಬಳ ತಗೊಂಡು ಊರೂರು ಅಲೆದು ಕಲ್ಲು ಓದಿದ್ದ. ಆಗ ನೀವು ಇದ್ದಿದ್ರೆ ಅವನನ್ನೂ ಏನು ಉಪಯೋಗ ಅಂತ ಕೇಳ್ತಿದ್ರಿ.’ ಫೋನ್ ಇಟ್ಟುಬಿಟ್ಟರು.

ನಾನು ಇಂಜಿನಿಯರಿಂಗ್ ಓದಿದವನು. ಇನ್‌ಪುಟ್ ಎಷ್ಟು, ಔಟ್‌ಪುಟ್ ಎಷ್ಟು, ಡೆಡ್‌ಲೈನ್ ಯಾವಾಗ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಮೇಷ್ಟ್ರು ಹೇಳಿದ ಲೆಕ್ಕವನ್ನೇ ಮಾಡಿ ನೋಡೋಣ ಅಂತ ಕೂತೆ.

ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು. ಬೇಲೂರು ತಾಲ್ಲೂಕಿನ ಊರು, ಹದಿನಾರು ಸಾಲಿನ ಕಲ್ಲು, ಕಾಲ ಸುಮಾರು ಕ್ರಿ.ಶ. 450 ಎಂದು ರೂಢಿಯಲ್ಲಿದೆ. ಅದನ್ನು ಓದಿ 1936ರ ವರದಿಯಲ್ಲಿ ಪ್ರಕಟಿಸಿದವರು ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ. ಈ ಇಲಾಖೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಬಿ.ಎಲ್. ರೈಸ್ ಎಂಬ ಅಧಿಕಾರಿ, ಹುಟ್ಟಿದ್ದೇ ಬೆಂಗಳೂರಿನಲ್ಲಿ, 1880ರ ದಶಕದಿಂದ ಜಿಲ್ಲೆ ಜಿಲ್ಲೆಗೆ ಹೋಗಿ ಶಾಸನಗಳ ಪಡಿಯಚ್ಚು ತೆಗೆಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಹೆಸರಿನಲ್ಲಿ ಹನ್ನೆರಡು ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ. ರೈಸ್ 1906ರಲ್ಲಿ ನಿವೃತ್ತರಾದರು. ಆರ್. ನರಸಿಂಹಾಚಾರ್ ಬಂದರು. ಅವರಾದ ಮೇಲೆ ಇಲಾಖೆಯನ್ನು ನಡೆಸಿದವರಲ್ಲಿ ಕೃಷ್ಣ ಒಬ್ಬರು. ಅಂದರೆ, ರೈಸ್ ಅವರ ಮೊದಲ ಸಂಪುಟ 1886ರಲ್ಲಿ ಬಂತು, ಹಲ್ಮಿಡಿ ಪ್ರಕಟವಾಗಿದ್ದು ಐವತ್ತು ವರ್ಷ ಆದ ಮೇಲೆ. ಅದರ ‘ಲಾಭ’ ನಾವು ಪಟಾಕಿ ರೂಪದಲ್ಲಿ ಪಡೆದಿದ್ದು 2008ರಲ್ಲಿ. ಒಟ್ಟು 122 ವರ್ಷ. ಯಾವ ಕಂಪನಿಯ ಬೋರ್ಡ್ ಈ ಪ್ರಾಜೆಕ್ಟ್‌ಗೆ ಸಹಿ ಹಾಕುತ್ತದೆ ಹೇಳಿ?

ಮೈಸೂರು ಸಂಸ್ಥಾನ ಹಾಕಿತು. ಕಲ್ಲು ಓದೋದು ಅಲ್ಲಿ ಸರ್ಕಾರಿ ಕೆಲಸವಾಗಿತ್ತು. ಸಂಬಳ, ಸಾದಿಲ್ವಾರು, ಪ್ರಿಂಟಿಂಗ್ ಖರ್ಚು ಎಲ್ಲ ಬಜೆಟ್‌ನಲ್ಲಿ. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ತೆರೆದರು. ತಾಳೆಗರಿ ಕೂಡಿಡುವುದು, ಓದುವುದು, ಅಚ್ಚು ಹಾಕುವುದು ಅದರ ಕೆಲಸ. ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ಕಟ್ಟು ತಂದುಕೊಟ್ಟರು. ಆರ್. ಶಾಮಶಾಸ್ತ್ರಿ ಎನ್ನುವ ಲೈಬ್ರರಿಯ ವಿದ್ವಾಂಸರು ಅದನ್ನು ಬಿಡಿಸಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಉಳಿದಿದ್ದ ಗ್ರಂಥ! 1909ರಲ್ಲಿ ಅಚ್ಚಾಯಿತು. ಇವತ್ತು ನಮ್ಮ ಸ್ಟುಡಿಯೋದಲ್ಲಿ ಯಾವುದೇ ಪಕ್ಷದ ವಕ್ತಾರರು ಹತ್ತು ನಿಮಿಷಕ್ಕೊಮ್ಮೆ ‘ಚಾಣಕ್ಯ ಹೇಳಿದಂತೆ’ ಅಂತಾರಲ್ಲ, ಆ ಮಾತಿನ ಹಿಂದೆ ಒಬ್ಬ ಸಂಬಳದ ಗ್ರಂಥಪಾಲಕರಿದ್ದಾರೆ. ಚಾಣಕ್ಯ ಹೇಳಿದ್ದು ಅಂತ ವಾಟ್ಸಾಪ್‌ನಲ್ಲಿ ಬರೋದರಲ್ಲಿ ಬಹುಪಾಲು ಅವನು ಹೇಳಿದ್ದಲ್ಲ, ಅದು ಬೇರೆ ಮಾತು.

ಇಲ್ಲಿ ಒಂದು ಅಂಶ ನನಗೆ ತಡವಾಗಿ ಹೊಳೆಯಿತು. ವಿಜ್ಞಾನದ ಸಂಶೋಧನೆಗೆ ದುಡ್ಡು ಅಂದರೆ ನಮ್ಮ ಕಣ್ಣಿಗೆ ಮಷಿನ್ ಬರುತ್ತದೆ, ಲ್ಯಾಬ್ ಬರುತ್ತದೆ, ರಿಬ್ಬನ್ ಕತ್ತರಿಸೋ ಮಂತ್ರಿ ಬರುತ್ತಾರೆ. ಇತಿಹಾಸ, ಭಾಷೆ, ತತ್ವಶಾಸ್ತ್ರ, ಸಾಹಿತ್ಯ ಅಂದರೆ ಮಾನವಿಕ ವಿಷಯಗಳಲ್ಲಿ ದುಡ್ಡಿನ ಬಹುಪಾಲು ಕೊಳ್ಳುವುದು ಮನುಷ್ಯನ ಸಮಯವನ್ನು. ಒಬ್ಬರು ಕೂತು ಓದಬೇಕು, ಅವರ ಮನೆ ಬಾಡಿಗೆ ಯಾರಾದರೂ ಕಟ್ಟಬೇಕು. ಅಷ್ಟೆ. ಖರ್ಚು ಕಮ್ಮಿ, ಆದರೆ ತೋರಿಸೋಕೆ ಏನೂ ಇಲ್ಲ. ವರ್ಷದ ಕೊನೆಗೆ ಹೋಗಿ ನೋಡಿದರೆ ಅದೇ ಮೇಜು, ಅದೇ ಕುರ್ಚಿ, ಇನ್ನೊಂದಷ್ಟು ಚೀಟಿ.

ಚೀಟಿ ಅಂದೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟನ್ನು ನೋಡಿ. ಎಂಟು ಸಂಪುಟ, ಸುಮಾರು ಒಂಬತ್ತು ಸಾವಿರ ಪುಟ. ಕೆಲಸ ಶುರುವಾಗಿದ್ದು 1940ರ ದಶಕದಲ್ಲಿ, ಕೊನೆಯ ಸಂಪುಟ ಬಂದಿದ್ದು 1990ರ ದಶಕದಲ್ಲಿ. ಹಳಗನ್ನಡ ಕಾವ್ಯ, ಶಾಸನ, ವಚನ, ದಾಸರ ಪದ ಎಲ್ಲವನ್ನೂ ಓದಿ ಒಂದೊಂದು ಪದಕ್ಕೆ ಒಂದೊಂದು ಚೀಟಿ ಬರೆದು ಜೋಡಿಸಿದ್ದು. ಸಂಪಾದಕರು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಮುಗಿಸಿದಾಗ ಪ್ರಧಾನ ಸಂಪಾದಕರಾಗಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯ. ಈ ಐವತ್ತು ವರ್ಷದಲ್ಲಿ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದರು ಎಣಿಸಿ. ಅಷ್ಟೂ ಸರ್ಕಾರಗಳಲ್ಲಿ ಯಾರೋ ಒಬ್ಬ ಗುಮಾಸ್ತರು ‘ಅನುದಾನ ಮುಂದುವರಿಸಬಹುದು’ ಅಂತ ಟಿಪ್ಪಣಿ ಬರೆದಿದ್ದಾರೆ. ಆ ಗುಮಾಸ್ತರಿಗೂ ಒಂದು ನಮಸ್ಕಾರ.

ಇನ್ನು ಪುಣೆಯ ಭಂಡಾರ್ಕರ್ ಸಂಸ್ಥೆ. 1917ರಲ್ಲಿ ಹುಟ್ಟಿದ್ದು. 1919ರಲ್ಲಿ ಮಹಾಭಾರತದ ಪರಿಷ್ಕೃತ ಪಠ್ಯ ಸಿದ್ಧಪಡಿಸುವ ಕೆಲಸಕ್ಕೆ ಕೈ ಹಾಕಿತು. ದೇಶದ ಬೇರೆ ಬೇರೆ ಲಿಪಿಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ, ಯಾವ ಶ್ಲೋಕ ಎಲ್ಲಿ ಸೇರಿಕೊಂಡಿತು ಅಂತ ಗುರುತಿಸೋದು. ಪ್ರಧಾನ ಸಂಪಾದಕ ವಿ.ಎಸ್. ಸುಕ್ತಂಕರ್ 1943ರಲ್ಲಿ ತೀರಿಕೊಂಡರು, ಕೆಲಸ ಮುಗಿದಿದ್ದು 1966ರಲ್ಲಿ. ದುಡ್ಡು ಯಾರದು? ಔಂಧ್ ಎಂಬ ಪುಟ್ಟ ಸಂಸ್ಥಾನದ ರಾಜರು ಮೊದಲಿಗೆ ಲಕ್ಷ ರೂಪಾಯಿ ಕೊಡುತ್ತೇನೆ ಅಂದರು. ಟಾಟಾ ಕುಟುಂಬದವರು ಕಟ್ಟಡಕ್ಕೆ ಕೊಟ್ಟರು. ಹೈದರಾಬಾದಿನ ನಿಜಾಮರೂ ಕೊಟ್ಟರು. ಸಂಸ್ಥೆಯ ಅತಿಥಿಗೃಹಕ್ಕೆ ಇವತ್ತಿಗೂ ಅವರ ಹೆಸರು. ಮಹಾಭಾರತದ ಕೆಲಸ ನಡೆಯುವ ಸಂಸ್ಥೆಗೆ ನಿಜಾಮರ ಹಣ! ಈಗಿನ ಕಾಲದಲ್ಲಾಗಿದ್ದರೆ ನಾನೇ ಒಂದು ವಾರ ಚರ್ಚೆ ಮಾಡಿಸುತ್ತಿದ್ದೆ. ಸರ್ಕಾರಗಳೂ ಕೊಟ್ಟವು, ವಿಶ್ವವಿದ್ಯಾಲಯಗಳೂ ಕೊಟ್ಟವು. ಒಂದು ಕೈ ಹಿಂದೆ ಸರಿದರೆ ಇನ್ನೊಂದು ಕೈ ಇತ್ತು. ಬಹುಶಃ ಅದಕ್ಕೇ ಕೆಲಸ ನಿಲ್ಲಲಿಲ್ಲ.

ಸರಿ, ಅದು ರಾಜರ ಕಾಲ. ಈಗ?

ಸ್ವಾತಂತ್ರ್ಯ ಬಂದ ಮೇಲೆ ರಾಜರ ಜಾಗದಲ್ಲಿ ಕೇಂದ್ರದ ಸಂಸ್ಥೆಗಳು ಬಂದವು. 1954ರಲ್ಲಿ ಸಾಹಿತ್ಯ ಅಕಾಡೆಮಿ, 1969ರಲ್ಲಿ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, 1972ರಲ್ಲಿ ಇತಿಹಾಸ ಸಂಶೋಧನಾ ಮಂಡಳಿ, ನಂತರ ತತ್ವಶಾಸ್ತ್ರಕ್ಕೂ ಒಂದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೂ 1969ರದ್ದೇ. ಆದರೆ ನಮ್ಮ ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಇತಿಹಾಸದಲ್ಲೋ ಕನ್ನಡದಲ್ಲೋ ಪಿಎಚ್‌ಡಿ ಮಾಡಬೇಕು ಅಂದರೆ ಮುಖ್ಯ ಆಧಾರ ಯುಜಿಸಿಯ ಜೆಆರ್‌ಎಫ್. ಕಠಿಣ ಪರೀಕ್ಷೆ. ಪಾಸಾದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಬಂದ ದರ. ಅದಕ್ಕೂ ಮೊದಲು 31,000 ಮತ್ತು 35,000 ಇತ್ತು. ಮನೆ ಬಾಡಿಗೆ ಭತ್ಯೆ ಬೇರೆ. ಪುಸ್ತಕ, ಓಡಾಟ, ಜೆರಾಕ್ಸ್‌ಗೆ ಅಂತ ಮಾನವಿಕ ವಿಷಯದವರಿಗೆ ಮೊದಲೆರಡು ವರ್ಷ ವರ್ಷಕ್ಕೆ 10,000 ರೂಪಾಯಿ. ತಿಂಗಳಿಗೆ ಎಂಟು ನೂರ ಚಿಲ್ಲರೆ! ಹಳ್ಳಿ ಹಳ್ಳಿಗೆ ಹೋಗಿ ಕಡತ ಹುಡುಕುವವರು ಇದರಲ್ಲಿ ಬಸ್ ಚಾರ್ಜ್ ಹೊಂದಿಸಬೇಕು.

ಮೊತ್ತ ಸಣ್ಣದು ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ 37,000 ದೊಡ್ಡ ದುಡ್ಡೇ. ಆದರೆ ಅದು ತಿಂಗಳ ಒಂದನೇ ತಾರೀಖಿಗೆ ಬರೋ ಸಂಬಳ ಅಲ್ಲ. ಸಂಶೋಧನೆ ಮಾಡುತ್ತಿದ್ದಾರೆ ಅಂತ ವಿಶ್ವವಿದ್ಯಾಲಯ ತಿಂಗಳು ತಿಂಗಳು ಪೋರ್ಟಲ್‌ನಲ್ಲಿ ಖಚಿತಪಡಿಸಬೇಕು. ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಕಚೇರಿಯ ಸಹಿ. ಒಬ್ಬರು ರಜೆ ಹಾಕಿದರೆ, ಸರ್ವರ್ ಕೈಕೊಟ್ಟರೆ, ಮುಗೀತು. ಜೆಆರ್‌ಎಫ್ ಸಿಗದವರ ಕಥೆ ಇನ್ನೂ ಬೇರೆ. ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿಕೊಂಡು, ರಾತ್ರಿ ಕೂತು ಪ್ರಬಂಧ ಬರೆಯುತ್ತಾರೆ.

ಈಗ ಎರಡು ಕಾನೂನಿನ ಕಥೆ ಹೇಳಬೇಕು. ಟಿವಿಯಲ್ಲಿ ಇದನ್ನು ಹೇಳೋಕೆ ಹೋದರೆ ರಿಮೋಟ್ ಎತ್ತಿಕೊಳ್ತೀರಿ ಅನ್ನೋ ಭಯ. ಪುಸ್ತಕದಲ್ಲಿ ಆ ಭಯ ಇಲ್ಲ.

ಒಂದನೆಯದು 2023ರದ್ದು, ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆ. ಐದು ವರ್ಷಕ್ಕೆ 50,000 ಕೋಟಿ ಅಂತ ಘೋಷಣೆಯಾಯಿತು, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕು ಅಂತ ಲೆಕ್ಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಪ್ರತಿಷ್ಠಾನ ಬೇಕು ಅಂದಾಗ ಕಲೆ, ಮಾನವಿಕ ವಿಷಯಗಳನ್ನೂ ಸೇರಿಸಿಯೇ ಹೇಳಿತ್ತು. ಕಾಯ್ದೆಯಾಗಿ ಬರುವಷ್ಟರಲ್ಲಿ ಮಾನವಿಕಕ್ಕೆ ಉಳಿದ ಜಾಗ ಎಷ್ಟು ಅಂದರೆ, ಅದು ವಿಜ್ಞಾನ ತಂತ್ರಜ್ಞಾನವನ್ನು ಸಂಧಿಸುವ ಕಡೆ ಮಾತ್ರ. ಅರ್ಥವಾಗೋ ಹಾಗೆ ಹೇಳಬೇಕೆಂದರೆ, ಶಾಸನವನ್ನು ಸ್ಕ್ಯಾನ್ ಮಾಡೋ ಸಾಫ್ಟ್‌ವೇರ್ ಬರೆದರೆ ಬಾಗಿಲು ತೆರೆದಿದೆ. ಆ ಶಾಸನ ಓದಿ ಅರ್ಥ ಹೇಳುತ್ತೇನೆ ಅಂದರೆ ಬೇರೆ ಬಾಗಿಲು ನೋಡಿಕೊಳ್ಳಬೇಕು.

ಸ್ಕ್ಯಾನ್ ಮಾಡೋದು ಬೇಡ ಅಂತಲ್ಲ. 1909ರಿಂದ ಇರುವ ಬೆಂಗಳೂರಿನ ಮಿಥಿಕ್ ಸೊಸೈಟಿ ಈಚೆಗೆ ನಗರದ ಸುತ್ತಲಿನ ಶಾಸನಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರ ಸ್ಕ್ರೀನ್ ಮೇಲೆ ಎದ್ದು ಬರೋದು ನೋಡಿ ನನ್ನೊಳಗಿನ ಇಂಜಿನಿಯರ್ ಕುಣಿದಾಡಿದ. ಆದರೆ ಎದ್ದು ಬಂದ ಅಕ್ಷರ ಹಳಗನ್ನಡದ್ದು, ಅದನ್ನು ಓದೋಕೆ ಹಳಗನ್ನಡ ಬಲ್ಲವರೇ ಬೇಕು. ಅವರು ತಯಾರಾಗೋಕೆ ಹತ್ತು ವರ್ಷ ಹಿಡಿಯುತ್ತದೆ. ಸ್ಕ್ಯಾನರ್ ಆರ್ಡರ್ ಮಾಡಿದರೆ ವಾರದಲ್ಲಿ ಬರುತ್ತದೆ.

ಎರಡನೆಯದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು, ಉದಾಹರಣೆಗೆ ವರ್ಷಕ್ಕೆ ಐದು ಕೋಟಿ ನಿವ್ವಳ ಲಾಭ ಇರುವಂಥವು, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದು ಅಂತ ಏಳನೇ ಪರಿಶಿಷ್ಟದಲ್ಲಿ ಪಟ್ಟಿ ಇದೆ. ಸಂಶೋಧನೆ ಅಂತ ಬರುವ ಕಡೆ ಬರೆದಿರೋದು ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ವೈದ್ಯಕೀಯ. ಇತಿಹಾಸವಿಲ್ಲ, ಭಾಷೆಯಿಲ್ಲ. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಅಂತ ಇನ್ನೊಂದು ಸಾಲಿದೆ, ಗ್ರಂಥಾಲಯದ ಮಾತೂ ಇದೆ. ಆ ಸಂದಿಯಲ್ಲಿ ತೂರಿಸಬಹುದು. ಆದರೆ ಸಿಎಸ್‌ಆರ್ ನೋಡಿಕೊಳ್ಳುವವರಿಗೆ ಕಟ್ಟಡಕ್ಕೆ ಸುಣ್ಣ ಬಳಿಸೋದು ಸುಲಭ, ಫೋಟೋ ಬರುತ್ತದೆ. ‘ಒಬ್ಬರು ಆರು ವರ್ಷ ಕೂತು ಓದಿದರು’ ಅನ್ನೋದಕ್ಕೆ ಯಾವ ಫೋಟೋ ಹಾಕೋದು? ಬೆಂಗಳೂರಿನಲ್ಲಿ ಇಷ್ಟು ಕಂಪನಿಗಳಿವೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಾನೂನು ಬರೆದವರೇ ಆ ಪದ ಬಿಟ್ಟಿದ್ದಾರೆ.

ಹಾಗಂತ ಕಂಪನಿ ದುಡ್ಡು ಈ ಕಡೆ ಬಂದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿದೆ, ಕೆಲವು ವ್ಯಕ್ತಿಗಳ ಮನಸ್ಸಿನಿಂದ. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, 1993ರಿಂದ; ಕಲೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ನಮ್ಮ ಭಾಷೆಯಲ್ಲೇ ಬರೆಯಬಹುದು. 2004ರಿಂದ ನ್ಯೂ ಇಂಡಿಯಾ ಫೌಂಡೇಶನ್ ಇದೆ. ಸ್ವತಂತ್ರ ಭಾರತದ ಬಗ್ಗೆ ಪುಸ್ತಕ ಬರೆಯುವವರಿಗೆ ಫೆಲೋಶಿಪ್. 2010ರಲ್ಲಿ ರೋಹನ್ ಮೂರ್ತಿ, ಆಗ ಹಾರ್ವರ್ಡ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದವರು, 52 ಲಕ್ಷ ಡಾಲರ್ ಕೊಟ್ಟು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಶುರು ಮಾಡಿಸಿದರು. ಒಂದು ಪುಟದಲ್ಲಿ ಮೂಲ ಲಿಪಿ, ಎದುರು ಪುಟದಲ್ಲಿ ಇಂಗ್ಲಿಷ್. ನಮ್ಮ ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ 2017ರಲ್ಲಿ ಹಾಗೆ ಬಂತು. ಇದರ ಪ್ರಧಾನ ಸಂಪಾದಕರನ್ನು ತೆಗೆಯಿರಿ ಅಂತ 2016ರಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಅರ್ಜಿ ಹಾಕಿದರು. ಸಂಪಾದಕರ ಅಭಿಪ್ರಾಯ ಸರಿಯೋ ತಪ್ಪೋ, ಅದು ವಿದ್ವಾಂಸರ ಜಗಳ. ನನಗೆ ಮುಖ್ಯ ಅನ್ನಿಸಿದ್ದು, ದುಡ್ಡು ಕೊಟ್ಟವರು ಒತ್ತಡಕ್ಕೆ ಬಗ್ಗಲಿಲ್ಲ, ಸಂಪಾದಕರನ್ನು ಕೈಬಿಡಲಿಲ್ಲ. ಕೊಡೋದು ಒಂದು ಗುಣ, ಕೊಟ್ಟ ಮೇಲೆ ಸುಮ್ಮನಿರೋದು ಇನ್ನೊಂದು. ಎರಡನೆಯದು ಅಪರೂಪ.

ಸರ್ಕಾರ ಆಗಲಿ, ಉದ್ಯಮಿ ಆಗಲಿ, ಮಠ ಆಗಲಿ, ದುಡ್ಡು ಕೊಟ್ಟವರಿಗೆ ತಮಗೆ ಬೇಕಾದ ಉತ್ತರವೇ ಬರಲಿ ಅನ್ನೋ ಆಸೆ ಇದ್ದೇ ಇರುತ್ತದೆ. ನೂರಾರು ವರ್ಷದ ಹಿಂದಿನ ಕಥೆಯೂ ಇದೇ. ನಾವು ಈಗಲೂ ಎತ್ತಿ ನೋಡುವ ಕಿಟೆಲ್ ನಿಘಂಟು ಬಂದಿದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ. ಕಿಟೆಲ್ ಅವರನ್ನು ಮಿಷನ್ ಕಳಿಸಿದ್ದು ಧರ್ಮ ಪ್ರಚಾರಕ್ಕೆ. ಅವರು ಕನ್ನಡ ಪದಗಳ ಹಿಂದೆ ಬಿದ್ದರು. ಸುಮಾರು ಎಪ್ಪತ್ತು ಸಾವಿರ ಪದ. ಕೊಟ್ಟವರ ಉದ್ದೇಶ ಒಂದು, ನಮಗೆ ಉಳಿದಿದ್ದು ಇನ್ನೊಂದು.

ದುಡ್ಡಿನ ಕೈ ಒಂದೇ ಆದಾಗ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಈಚಿನ ಸುದ್ದಿ ಸಾಕು. ಅಲ್ಲಿ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಶುರುವಾಯಿತು. ಕೆನ್ ಬರ್ನ್ಸ್ ಮಾಡಿದ ಅಂತರ್ಯುದ್ಧದ ಸಾಕ್ಷ್ಯಚಿತ್ರ ನೋಡಿದ್ದೀರಲ್ಲ, ನಮ್ಮ ಟಿವಿ ಮಂದಿ ಪಾಠದ ಹಾಗೆ ನೋಡುವಂಥದ್ದು, ಅದಕ್ಕೂ ಈ ಸಂಸ್ಥೆಯ ಹಣ ಬಂದಿತ್ತು. 2024ರ ಅದರ ವಾರ್ಷಿಕ ಬಜೆಟ್ ಸುಮಾರು 20 ಕೋಟಿ 70 ಲಕ್ಷ ಡಾಲರ್. ಅಮೆರಿಕದ ಜನಸಂಖ್ಯೆಗೆ ಹಂಚಿದರೆ ತಲೆಗೆ ಒಂದು ಡಾಲರ್ ಕೂಡ ಇಲ್ಲ. 2025ರ ಏಪ್ರಿಲ್‌ನಲ್ಲಿ ಈಗಾಗಲೇ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಂದೇ ಸಲಕ್ಕೆ ರದ್ದು ಮಾಡಿದರು. ಅರ್ಧ ಬರೆದ ಪುಸ್ತಕ, ಅರ್ಧ ದಾಖಲಿಸಿದ ಭಾಷೆ, ಅಲ್ಲಿಗೇ ನಿಂತವು. ವಿದ್ವತ್ ಸಂಘಗಳು ಕೋರ್ಟಿಗೆ ಹೋದವು. ರಾಜ್ಯಗಳಲ್ಲಿರುವ ಮಾನವಿಕ ಮಂಡಳಿಗಳು ಮುಚ್ಚಿ ಹೋಗದಿರಲಿ ಅಂತ ಮೆಲನ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆ ತುರ್ತಾಗಿ ಒಂದೂವರೆ ಕೋಟಿ ಡಾಲರ್ ಕೊಟ್ಟಿತು. ತುಂಬಿದ್ದು ಸ್ವಲ್ಪವೇ. ಆದರೂ ಇನ್ನೊಂದು ಕೈ ಅಂತ ಇತ್ತು. ನಮ್ಮಲ್ಲಿ ನಾಳೆ ಹೀಗಾದರೆ ಆ ಇನ್ನೊಂದು ಕೈ ಯಾವುದು ಅಂತ ಯೋಚಿಸಿದೆ. ಮೇಲೆ ಹೇಳಿದ ಎರಡು ಮೂರು ಹೆಸರು ಬಿಟ್ಟರೆ ನೆನಪಿಗೆ ಬರಲಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ ಆ ಸಂಶೋಧಕಿಗೆ ಫೋನ್ ಮಾಡಿದೆ. ಕ್ಯಾಮೆರಾ ಇಲ್ಲದೆ, ನನ್ನ ಸ್ವಂತ ನಂಬರ್‌ನಿಂದ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ ‘ಹೇಳಿ ಸರ್’ ಅಂದರು. ನಾನು ಕ್ಷಮೆ ಕೇಳಿದೆ. ‘ಪರವಾಗಿಲ್ಲ ಬಿಡಿ, ನಮ್ಮಮ್ಮ ಒಬ್ಬರು ತುಂಬಾ ಬೇಜಾರು ಮಾಡ್ಕೊಂಡ್ರು ಅಷ್ಟೆ’ ಅಂದರು. ಆ ‘ಅಷ್ಟೆ’ ನನಗೆ ಚುಚ್ಚಿತು.

ಕಡತ ಅಂದರೆ ಏನು ಅಂತ ಆಗ ಕೇಳಿದೆ. ಚರ್ಚೆಗೆ ಮೊದಲು ಕೇಳಬೇಕಾಗಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು, ಬೇಕಾದರೆ ಒರೆಸುತ್ತಿದ್ದರು. ನಾವು ದಿನಾ ಸ್ಕ್ರೋಲ್‌ನಲ್ಲಿ ‘ಕಡತ ನಾಪತ್ತೆ’, ‘ಕಡತ ವಿಲೇವಾರಿ’ ಅಂತ ಹಾಕ್ತೀವಲ್ಲ, ಆ ಪದ ಇಲ್ಲಿಂದ ಬಂದಿದ್ದು. ಹತ್ತು ವರ್ಷದಿಂದ ಆ ಪದ ಓದುತ್ತಿದ್ದೇನೆ, ಗೊತ್ತಿರಲಿಲ್ಲ.

ಅವರು ಓದುತ್ತಿರುವುದು ಒಂದು ಹಳೇ ಶಾನುಭೋಗರ ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಕೆರೆ ತೂಬು, ಗದ್ದೆ, ಕಂದಾಯದ ಲೆಕ್ಕ. ನನಗೆ ತಕ್ಷಣ ಸ್ಟೋರಿ ಕಂಡಿತು. ‘ಮೇಡಂ, ಕೆರೆ ಒತ್ತುವರಿ ಕೇಸ್‌ಗೆ ಇದು ಸಾಕ್ಷಿ ಆಗುತ್ತಲ್ಲ! ಇದೇ ಉಪಯೋಗ, ಇದನ್ನೇ ಅವತ್ತು ಹೇಳಬಹುದಾಗಿತ್ತು.’

‘ಆಗಬಹುದು ಸರ್. ಆದ್ರೆ ನಾನು ಅದಕ್ಕೆ ಓದ್ತಿಲ್ಲ.’

‘ಮತ್ತೆ?’

ಧಾತು ಈಶ್ವರ ಬರದ ವಿಷಯ ಹೇಳಿದರು. 1876ರಿಂದ 78ರವರೆಗಿನ ಬರ. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಇದ್ದ ಜನ 1881ರ ಹೊತ್ತಿಗೆ ನಲವತ್ತೆರಡು ಲಕ್ಷದ ಒಳಗೆ ಬಂದಿದ್ದರು. ಇದು ಸರ್ಕಾರಿ ಪುಸ್ತಕದಲ್ಲಿದೆ, ಎಲ್ಲರೂ ಬರೆದಿದ್ದಾರೆ. ಅವರ ಕೈಯಲ್ಲಿರುವುದು ಒಂದೇ ಊರಿನ ಲೆಕ್ಕ. ‘ಹಿಂದಿನ ವರ್ಷ ಕಂದಾಯ ಕಟ್ಟಿದ ಒಕ್ಕಲುಗಳ ಹೆಸರಿದೆ ಸರ್. ಮುಂದಿನ ವರ್ಷದ ಲೆಕ್ಕದಲ್ಲಿ ಕೆಲವು ಹೆಸರು ಇಲ್ಲ. ಪಕ್ಕದಲ್ಲಿ ಏನೂ ಬರೆದಿಲ್ಲ. ಸತ್ತರೋ, ಊರು ಬಿಟ್ಟರೋ, ಎಲ್ಲಿಗೆ ಹೋದರೋ. ಬೇರೆ ಊರಿನ ಕಡತ ಸಿಕ್ಕಿದ್ರೆ ಅಲ್ಲಿ ಹುಡುಕಬಹುದು. ಒಂದು ಹೆಸರು ಸಿಕ್ಕಿದೆ, ಮೂರು ಊರು ಆಚೆ. ಕೂಲಿ ಲೆಕ್ಕದಲ್ಲಿದೆ.’

ಒಂದು ಹೆಸರಿಗೆ ಎಷ್ಟು ದಿನ ಹಿಡೀತು ಅಂತ ಕೇಳಿದೆ. ಹದಿನಾಲ್ಕು ತಿಂಗಳು ಅಂದರು.

ಫೆಲೋಶಿಪ್ ಬರ್ತಿದೆಯಾ ಅಂತಲೂ ಕೇಳಿದೆ. ಏಳು ತಿಂಗಳಿಂದ ಬಂದಿರಲಿಲ್ಲ. ನಮ್ಮ ಚರ್ಚೆಯಲ್ಲಿ ‘ನಿಮ್ಮ ತೆರಿಗೆ’ ಅಂತ ಕೆಂಪಕ್ಷರದಲ್ಲಿ ಬರೆದಿದ್ದೆವಲ್ಲ, ಆ ರಾತ್ರಿ ಆ ತೆರಿಗೆಯ ಒಂದು ರೂಪಾಯಿಯೂ ಅವರ ಖಾತೆಯಲ್ಲಿರಲಿಲ್ಲ.

ಸಂಜೆ ಐದೂವರೆಯ ಬುಲೆಟಿನ್‌ನಲ್ಲಿ ನಾಲ್ಕು ನಿಮಿಷ ಕೇಳಿ ತಗೊಂಡು ತಪ್ಪಾಯಿತು ಅಂತ ಹೇಳಿದೆ, ಹಲ್ಮಿಡಿಯಿಂದ ಸಿಎಸ್‌ಆರ್‌ವರೆಗೆ ಓಡಿಸಿದೆ. ಒಂಬತ್ತಕ್ಕೆ ಕೇಳಿದ್ದೆ, ಕೊಡಲಿಲ್ಲ. ಆ ತುಣುಕನ್ನು ಯಾರೂ ಶೇರ್ ಮಾಡಲಿಲ್ಲ. ಹಾಸನದ ಮೇಷ್ಟ್ರು ಮಾತ್ರ ಫೋನ್ ಮಾಡಿ, ‘ಎಪಿಗ್ರಾಫಿಯಾ ಅನ್ನೋದನ್ನ ಎರಡು ಸಲ ತಪ್ಪಾಗಿ ಹೇಳಿದ್ರಿ’ ಅಂದರು.

ಎರಡು ವಾರದ ನಂತರ ಆಕೆಯಿಂದ ಒಂದು ಮೆಸೇಜ್ ಬಂತು. ಶಾನುಭೋಗರ ಮನೆಯನ್ನು ವಾರಸುದಾರರು ಮಾರಿದ್ದಾರೆ, ಮುಂದಿನ ವಾರ ಕೆಡವುತ್ತಾರೆ, ಅಟ್ಟದಲ್ಲಿ ಇನ್ನೊಂದು ಪೆಟ್ಟಿಗೆ ಉಳಿದಿದೆ, ಫೋಟೋ ತೆಗೆಯೋಕೆ ಬೆಳಕು ಸಾಲದು, ಒಂದು ಲೈಟ್ ಎರಡು ದಿನಕ್ಕೆ ಸಿಗುತ್ತಾ ಸರ್ ಅಂತ. ಸ್ಟುಡಿಯೋದ ಒಂದು ಎಲ್‌ಇಡಿ ಲೈಟ್ ಕೊಟ್ಟು ನಮ್ಮ ಕ್ಯಾಮೆರಾಮನ್‌ನನ್ನೂ ಕಳಿಸಿದೆ. ಅವನು ವಾಪಸ್ ಬಂದಾಗ ಕೈ ಎರಡೂ ಇದ್ದಿಲು. ‘ಬ್ರದರ್, ಅದ್ರಲ್ಲಿ ಏನೂ ಕಾಣಲ್ಲ ಮೊದಲಿಗೆ. ಆ ಮೇಡಂ ಬೆರಳಿಟ್ಟು ತೋರಿಸಿದ ಮೇಲೆ ಕಾಣುತ್ತೆ’ ಅಂದ.

ಲೈಟ್ ವಾಪಸ್ ಬಂದಿದೆ. ಏಳರಲ್ಲಿ ನಾಲ್ಕು ತಿಂಗಳ ಫೆಲೋಶಿಪ್ ಬಂದಿದೆಯಂತೆ. ಮಿಕ್ಕ ಮೂರು ತಿಂಗಳದ್ದು ಇನ್ನೂ ಬಂದಿಲ್ಲ.